ಐದು ಲಕ್ಷ ರೈತರು ನಿರ್ಮಿಸಿದ ಚಲನಚಿತ್ರ

ಕಲೆ ಹೃದಯವನ್ನು ಸಂಸ್ಕರಿಸಲು ಹುಟ್ಟಿದುದೆಂದೂ, ಜಾಹೀರಾತು ಜನರ ಹಣದ ಚೀಲವನ್ನು ಸಡಿಲಿಸಲು ಹುಟ್ಟಿದುದೆಂದೂ, ಆದಕಾರಣ ಇವೆರಡಕ್ಕೂ ಸಖ್ಯ ಅಸಾಧ್ಯವೆಂದೂ ರಸಿಕರಲ್ಲಿ ಅನೇಕರು ಭಾವಿಸುವುದುಂಟು. ಈ ಭಾವನೆ ನಿರಾಧಾರವೆನ್ನಲಾಗದು. ಆದರೂ ಚಲನಚಿತ್ರ, ಗೀತೆ, ಜಾಹೀರಾತು ಈ ಮೂರೂ ಒಂದೇ ಸೆಲೆಯಿಂದ ಹೊರಟು, ಮೂರೂ ತಮ್ಮ ಮರ್ಯಾದೆಯನ್ನು ಉಳಿಸಿಕೊಂಡ ದೃಷ್ಟಾಂತವೊಂದು ನಮ್ಮ ದೇಶದಲ್ಲಿಯೇ ಇದೆ. ಅದು ಶ್ಯಾಮ್ ಬೆನೆಗಲ್ ನಿರ್ದೇಶಿಸಿ, 1976ರಲ್ಲಿ ತೆರೆಕಂಡ ‘ಮಂಥನ್’.

ಬೆನೆಗಲ್ ಜಾಹೀರಾತು ವೃತ್ತಿಯಲ್ಲಿ ಪಳಗಿ ಕಥಾಚಿತ್ರಕ್ಕೆ ಬಂದವರು. ಮುಂಬಯಿಯ ಲಿಂಟಾಸ್ ಸಂಸ್ಥೆಯಲ್ಲಿ ಜಾಹೀರಾತಿನ ಒಕ್ಕಣೆ ಬರೆಯುತ್ತ, ತರುವಾಯ ನೂರಾರು ಕಿರುಚಿತ್ರಗಳನ್ನು ತಯಾರಿಸಿದ ಅವರ ಮೊದಲ ಕಥಾಚಿತ್ರ ‘ಅಂಕುರ್’ಗೆ ಬಂಡವಾಳ ಹೂಡಿದುದೂ ಚಿತ್ರಮಂದಿರಗಳಿಗೆ ಜಾಹೀರಾತು ಚಿತ್ರಗಳನ್ನು ಹಂಚುತ್ತಿದ್ದ ಬ್ಲೇಜ್ ಸಂಸ್ಥೆಯೇ. ಅವರ ಸಂಗೀತಗಾರ ವನರಾಜ್ ಭಾಟಿಯಾ ಲಂಡನ್ನಿನಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಪಾಶ್ಚಾತ್ಯ ಸಂಗೀತವನ್ನು ವಿಧಿವತ್ತಾಗಿ ಅಭ್ಯಸಿಸಿ ಬಂದು, ಸಾವಿರಾರು ಜಿಂಗಲ್‌ಗಳಿಗೆ ರಾಗ ಕಟ್ಟಿದವರು. ಕೆಲವೇ ಕ್ಷಣಗಳಲ್ಲಿ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸುವ ಆ ಶಿಸ್ತು ಇಬ್ಬರಿಗೂ ಜಾಹೀರಾತಿನ ಕೆಲಸದಲ್ಲಿಯೇ ಸಿದ್ಧಿಸಿತ್ತು.

‘ಮಂಥನ್’ ಚಿತ್ರಕ್ಕೆ ಹಣ ಒದಗಿದ ಬಗೆಯೇ ಅಪೂರ್ವವಾದುದು. ಹಾಲು ಸಹಕಾರ ಚಳವಳಿಯ ನಾಯಕ ವರ್ಗೀಸ್ ಕುರಿಯನ್ನರ ಸೂಚನೆಯಂತೆ ಗುಜರಾತಿನ ಹಾಲು ಸಹಕಾರ ಸಂಘಗಳ 5 ಲಕ್ಷ ಸದಸ್ಯರು ತಮ್ಮ ಹಾಲಿನ ಹಣದಲ್ಲಿ ತಲಾ 2 ರೂಪಾಯಿಯನ್ನು ಬಿಟ್ಟುಕೊಟ್ಟರು. ಹೀಗೆ ಕೂಡಿದ 10 ಲಕ್ಷ ರೂಪಾಯಿಯಲ್ಲಿ ಚಿತ್ರ ಸಿದ್ಧವಾಯಿತು. ಗಿರೀಶ ಕಾರ್ನಾಡರು ಅಭಿನಯಿಸಿದ ಪಶುವೈದ್ಯ ಡಾಕ್ಟರ್ ರಾವ್ ಸಹಕಾರ ಸಂಘವನ್ನು ಕಟ್ಟಲು ಹಳ್ಳಿಗೆ ಬರುತ್ತಾನೆ. ಹಾಲಿನ ಕೊಬ್ಬಿನಂಶವನ್ನು ಎಲ್ಲರೆದುರು ಅಳೆದು ತೋರಿಸಿ ನ್ಯಾಯವಾದ ಬೆಲೆ ಯಾವುದೆಂಬುದನ್ನು ಜನರಿಗೆ ಮನಗಾಣಿಸುತ್ತಾನೆ. ಖಾಸಗಿ ಡೈರಿಯ ಒಡೆಯನನ್ನೂ ಊರಿನ ಸರಪಂಚನನ್ನೂ ಏಕಕಾಲದಲ್ಲಿ ಎದುರು ಹಾಕಿಕೊಳ್ಳುತ್ತಾನೆ. ಕಡೆಗೆ ಅವನು ಊರನ್ನು ಬಿಡಬೇಕಾಗಿ ಬಂದರೂ ದಲಿತ ಯುವಕ ಭೋಲಾ ಸಂಘದ ಹೊಣೆಯನ್ನು ಹೊರಲು ಮುಂದಾಗುತ್ತಾನೆ. ತಾವೇ ನಿರ್ಮಿಸಿದ ಚಿತ್ರವನ್ನು ನೋಡಲು ರೈತರು ತಂಡೋಪತಂಡವಾಗಿ ಲಾರಿಗಳಲ್ಲಿ ಬಂದರು. ಹೊಸ ಸಂಘಗಳನ್ನು ಕಟ್ಟಲು ಹೊರಟವರು ಹಳ್ಳಿಹಳ್ಳಿಗಳಲ್ಲಿ ಅದನ್ನು ತೋರಿಸಿದರು. ಸಹಕಾರದ ಪ್ರಚಾರಕ್ಕೆಂದು ಹುಟ್ಟಿದ ಕೃತಿ ಜಾತಿಯ ಕಟ್ಟನ್ನಾಗಲಿ, ಸುಧಾರಕನ ಸೋಲನ್ನಾಗಲಿ ಮರೆಮಾಚಲಿಲ್ಲ. ಅದರ ಬಲವೆಲ್ಲ ಈ ಸತ್ಯನಿಷ್ಠೆಯಲ್ಲಿದೆ.

ಪ್ರೀತಿ ಸಾಗರ್ ಗುಜರಾತಿ ನುಡಿಯಲ್ಲಿ ಹಾಡಿದ ಆ ಚಿತ್ರದ ಗೀತೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ತಂದಿತು. ವರ್ಷಗಳು ಕಳೆದ ಮೇಲೆ, ಅದೇ ಸಹಕಾರ ಸಂಘಗಳ ಒಡೆತನದ ಅಮುಲ್ ಅದನ್ನೇ ತನ್ನ ದೂರದರ್ಶನದ ಜಾಹೀರಾತಿಗೆ ಬಳಸಿಕೊಂಡಿತು. ಮಾರಾಟಕ್ಕೆ ತಗುಲಿದ ಹಾಡು ಸಾಮಾನ್ಯವಾಗಿ ತನ್ನ ತೇಜಸ್ಸನ್ನು ಕಳೆದುಕೊಳ್ಳುತ್ತದೆ. ಈ ಹಾಡು ಹಾಗೆ ಬಾಡಲಿಲ್ಲ. ಹಾಲು ಕರೆದವರು, ಚಿತ್ರಕ್ಕೆ ಹಣ ಕೊಟ್ಟವರು, ಜಾಹೀರಾತಿನಿಂದ ಲಾಭ ಪಡೆಯುವವರು ಬೇರೆಬೇರೆಯಾಗಿರದೆ ಒಂದೇ ಸಮುದಾಯದವರಾಗಿದ್ದುದು ಇದಕ್ಕೆ ಕಾರಣವೆಂದು ನನ್ನ ದೃಢವಾದ ನಂಬಿಕೆ.

ಬೆಳಗ್ಗೆ ಸಂಜೆ ‘ಡೈರಿಗೆ ಹಾಲು ಹಾಕುವ’ ನಮ್ಮ ಹಳ್ಳಿಗರಿಗೆ ಈ ಕಥೆ ಪರಕೀಯವಲ್ಲ; ಗುಜರಾತಿನ ಆಣಂದದ ಹಾಲು ಸಹಕಾರ ಮಾದರಿಯೇ ಕರ್ನಾಟಕದಲ್ಲಿ ನಂದಿನಿಯಾಗಿ ಬೆಳೆಯಿತು. 2024ರಲ್ಲಿ ಪುನರುದ್ಧಾರಗೊಂಡ ‘ಮಂಥನ್’ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಬೆನೆಗಲ್ ಅಗಲಿದರು. ರೈತರ ಮುಗುಳ್ನಗೆಯನ್ನು ತೋರಿಸಿ ಸರಕು ಮಾರುವ ಜಾಹೀರಾತುಗಳು ಇಂದು ಹೇರಳವಾಗಿರುವಾಗ, ಆ ನಗೆ ನಕ್ಕವನಿಗೆ ಲಾಭದಲ್ಲಿ ಪಾಲೆಷ್ಟು ಎಂದು ನಾವು ಕೇಳಲೇಬೇಕು. ಐವತ್ತು ವರ್ಷಗಳ ಹಿಂದೆಯೇ ಆ ಪ್ರಶ್ನೆಗೆ ಸಮರ್ಪಕವಾದ ಉತ್ತರ ಕೊಟ್ಟವರು ನಮ್ಮಲ್ಲಿದ್ದುದರಿಂದ, ಅದಕ್ಕಿಂತ ಕಡಿಮೆಯಾದುದಕ್ಕೆ ನಾವು ತೃಪ್ತರಾಗಬೇಕಾಗಿಲ್ಲ.