ಈಡು ತುಂಬುವ ಕೈ

ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಕನ್ನಡಿ ಹಿಡಿದ ಮದನಿಕೆಯ ಮುಂದೆ ಜನ ಮುಗಿಬೀಳುತ್ತಾರೆ. ಬಿಲ್ಲು ಹಿಡಿದ ಬೇಟೆಗಾರ್ತಿಯ ಕಡೆ ಕತ್ತೆತ್ತಿ ನೋಡುವವರು ಕಡಿಮೆ. 1117ರ ಆ ಗುಡಿಯ ಕಾಲಕ್ಕೆ ನಮ್ಮ ಕಡೆ ಮದ್ದಿಲ್ಲ, ಗುಂಡಿಲ್ಲ. ಬಾಣ ಎಷ್ಟು ಬಿರುಸಾಗಿ ಹೋದೀತು ಎಂಬುದು ಹೆದೆ ಎಳೆದ ಕೈಗೆ ಬಿಟ್ಟದ್ದು. ನಿನ್ನೆ ಎಳೆದಷ್ಟೇ ಇವತ್ತೂ ಎಳೆದರೆ ಅವಳು ಗಟ್ಟಿಗಿತ್ತಿ.

ಅದೇ ತಾಲ್ಲೂಕಿನ ಕಾಫಿ ತೋಟದ ಹಳೆಯ ಮನೆಗಳಲ್ಲಿ ಹಾಗೆಯೇ ಕೈಯನ್ನು ನಂಬಿಕೊಂಡಿದ್ದ ಇನ್ನೊಂದು ಆಯುಧವಿತ್ತು. ಅದು ಕೇಪಿನ ಕೋವಿ. ತೋಟೆ ಕೋವಿಯಂತೆ ನಡು ಮುರಿದು ತೋಟೆ ತುರುಕುವಂಥದ್ದಲ್ಲ, ನಳಿಗೆಯ ಬಾಯಿಂದಲೇ ತುಂಬಬೇಕು. ಮೊದಲು ಮಸಿ, ಎಂದರೆ ಕರಿಮದ್ದು. ಅದರ ಮೇಲೆ ತೆಂಗಿನ ಕತ್ತವೋ ಹಳೇ ಬಟ್ಟೆಯೋ. ಆಮೇಲೆ ಚರೆ, ಅದು ಉದುರದಂತೆ ಮತ್ತೊಂದು ಬಿರಡೆ. ಹಿಂದುಗಡೆ ಪುಟ್ಟ ತಾಮ್ರದ ಟೋಪಿಯಂಥ ಕೇಪು. ಕುದುರೆ, ಎಂದರೆ ಕೋವಿಯ ಸುತ್ತಿಗೆ, ಬಂದು ಕೇಪನ್ನು ಬಡಿದರೆ ಕಿಡಿ, ಕಿಡಿ ಮಸಿಗೆ ಮುಟ್ಟಿದರೆ ಈಡು. ಹೇಳುವುದಕ್ಕೆ ಇಷ್ಟೇ.

ಆದರೆ ಒಂದೇ ಕೋವಿ, ಒಂದೇ ಡಬ್ಬಿಯ ಮಸಿ, ಅದೇ ಚರೆ. ಮೊದಲ ಈಡು ಗುಡ್ಡವೇ ಬಿರಿದಂತೆ ಹಾರುತ್ತದೆ, ಎರಡನೆಯದು ‘ಡುಸ್’ ಎಂದು ಹೊಗೆ ಕಾರಿ ಸುಮ್ಮನಾಗುತ್ತದೆ. ಅನುಭವಸ್ಥರು ಇದಕ್ಕೆ ಕೋವಿಯನ್ನು ಬೈಯುತ್ತಿರಲಿಲ್ಲ, ತುಂಬಿದವನನ್ನು ಬೈಯುತ್ತಿದ್ದರು. ಸಡಿಲವಾಗಿ ಕೂತ ಮಸಿ ಒಂದು ಥರ ಉರಿಯುತ್ತದೆ, ಜಡಿದು ಕೂರಿಸಿದ್ದು ಇನ್ನೊಂದು ಥರ. ಬಿರಡೆ ಸಡಿಲಾದರೆ ಹೊಗೆ ಚರೆಯನ್ನು ತಳ್ಳುವ ಬದಲು ಸಂದಿಯಲ್ಲಿ ನುಸುಳಿ ಹೋಗುತ್ತದೆ. ನಳಿಗೆಯಲ್ಲಿ ಹಿಂದಿನ ಈಡಿನ ಕಿಟ್ಟ ಉಳಿದಿದ್ದರೆ ಮುಂದಿನ ಈಡಿನ ಲೆಕ್ಕವೇ ಬೇರೆ.

ಎಲ್ಲಕ್ಕಿಂತ ದೊಡ್ಡ ಶತ್ರು ಥಂಡಿ. ಮಸಿಗೆ ಸೇರುವ ಪೆಟ್ಲುಪ್ಪನ್ನು ಸರಿಯಾಗಿ ಶುದ್ಧಮಾಡದಿದ್ದರೆ ಅದರಲ್ಲಿ ಬೇರೆ ಉಪ್ಪುಗಳೂ ಬೆರೆತಿರುತ್ತವೆ. ಅವು ಗಾಳಿಯ ನೀರನ್ನು ಹೀರುತ್ತವೆ. ಅರಸೀಕೆರೆಯ ಬಯಲು ಗಾಳಿಯಲ್ಲಿ ಗರಿಗರಿಯಾಗಿರುವ ಮಸಿಯೇ ಬೇಲೂರು ದಾಟಿ ಸಕಲೇಶಪುರದ ದಿಕ್ಕಿಗೆ ಹೋದರೆ ಆಷಾಢದಲ್ಲಿ ಮೆತ್ತಗಾಗುತ್ತದೆ. ಒಂದೇ ಜಿಲ್ಲೆ, ಒಂದೇ ಮಸಿ, ಎರಡು ಸದ್ದು. ಥಂಡಿ ತಾಗದಿರಲೆಂದು ಹಪ್ಪಳದ ಡಬ್ಬಿಯ ಜೊತೆಗೆ ಮಸಿಯ ಡಬ್ಬಿಯೂ ಒಲೆಯ ಮೇಲಿನ ಅಟ್ಟ ಸೇರಿದರೆ ಏನಾದೀತು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಥಂಡಿಯ ಈ ಕಾಟವನ್ನು ಅಳತೆ ಹಿಡಿದು ವಿಚಾರಿಸಿದವರಲ್ಲಿ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಮೊದಲಿಗರ ಸಾಲಿನವನು. ಮರದ ಭಾರಿ ಹಲಗೆಯನ್ನು ಲೋಲಕದಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆದ. ಹಲಗೆ ಎಷ್ಟು ಜೀಕಿತು ಎಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕಿದ. ಗಾಳಿಯ ತೇವ ಮದ್ದಿನ ಕಸುವನ್ನು ಚೆನ್ನಾಗಿಯೇ ಕುಗ್ಗಿಸುತ್ತದೆ ಎಂದು 1742ರ ತನ್ನ ಪುಸ್ತಕದಲ್ಲಿ ಬರೆದ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಮದರಾಸಿನ ಕಡೆಗೇ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಘಟ್ಟ ಹತ್ತಿ ನಮ್ಮ ಮುಂಗಾರು ನೋಡಿದ್ದರೆ ಇನ್ನೊಂದು ಅಧ್ಯಾಯ ಬರೆಯುತ್ತಿದ್ದನೇನೋ.

ಈಡಿನಿಂದ ಈಡಿಗೆ ಕಸುವು ಬದಲಾಗುವ ಈ ತಲೆನೋವು ಇವತ್ತಿಗೂ ತೀರಿಲ್ಲ. ಅಮೆರಿಕದಲ್ಲಿ ರಿವಾಲ್ವರಿನ ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳುವ ಹವ್ಯಾಸಿಗಳಿದ್ದಾರೆ. ಗುಂಡು ಎರಡು ಬೆಳಕಿನ ಕಣ್ಣುಗಳನ್ನು ದಾಟುವ ಹೊತ್ತನ್ನು ಹಿಡಿಯುವ ಯಂತ್ರ ಅವರ ಮುಂದಿರುತ್ತದೆ. ಆದರೂ ಆರು ಗುಂಡು ಆರು ವೇಗ! ದೊಡ್ಡ ತೋಟೆಯಲ್ಲಿ ಮದ್ದು ಸ್ವಲ್ಪವೇ ಇದ್ದರೆ ಅದು ಮುಂದಕ್ಕೆ ಜರುಗಿದೆಯೋ ಹಿಂದಕ್ಕೋ ಎಂಬುದರ ಮೇಲೂ ಉರಿ ಬದಲಾಗುತ್ತದೆ. ರಿವಾಲ್ವರಿನ ತಿರುಗುವ ಉರುಳೆಯ ಆರು ಗೂಡುಗಳು ಕೂದಲೆಳೆಯಷ್ಟಾದರೂ ಬೇರೆಬೇರೆ. ಉರುಳೆಗೂ ನಳಿಗೆಗೂ ನಡುವಿನ ಸಂದಿಯಲ್ಲಿ ಅನಿಲವೂ ಸೋರುತ್ತದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ತೋಟೆ ಕೋವಿ ಇರುವವರಿಗೆ ಖಡಕಿ ಕಾರ್ಖಾನೆಯ ಶಕ್ತಿಮಾನ್ ತೋಟೆಯಂಥದ್ದೇ ಗತಿ. ಗತಿ ಎಂದೆ, ಆದರೆ ಒಳ್ಳೆಯದೇ. ಹದ ತಪ್ಪಿ ತುಂಬಿದ ನಾಡಕೋವಿ ಸಿಡಿದು ಬೆರಳು, ಕಣ್ಣು ಕಳೆದುಕೊಂಡವರು ಮಲೆನಾಡಿನಲ್ಲಿ ಅಪರೂಪವಲ್ಲ.

ಈಡು ತಪ್ಪಿದರೆ ನಗೆಪಾಟಲು ಮಾತ್ರವಲ್ಲ, ಜೀವಕ್ಕೂ ಬರುತ್ತಿತ್ತು. ಅರಸೀಕೆರೆಯ ಪೂರ್ವಕ್ಕಿರುವ ಗುಡ್ಡಗಳ ಒಂದು ಕರಡಿ ದರ್ಗಾ ನೋಡಿಕೊಳ್ಳುತ್ತಿದ್ದವರ ಮಗನನ್ನು ಕೊಂದ ಕಥೆಯನ್ನು ಬೇಟೆಯ ಕಥೆಗಳ ಲೇಖಕ ಕೆನೆತ್ ಆಂಡರ್ಸನ್ 1957ರ ಪುಸ್ತಕದಲ್ಲಿ ಬರೆದಿದ್ದಾರೆ. ಅಂಥ ಪ್ರಾಣಿ ರಾತ್ರಿ ಹೊಲದಲ್ಲಿ ಎದುರಾದಾಗ ಕೇಪು ‘ಚಟ್’ ಎಂದು ಮಸಿಗೆ ಕಿಡಿಯೇ ಮುಟ್ಟದಿದ್ದರೆ? ಕತ್ತಲಲ್ಲಿ ಹೊಸ ಕೇಪು ಹುಡುಕಿ, ಕೂರಿಸಿ, ಮತ್ತೆ ಕುದುರೆ ಎಳೆಯುತ್ತ ಕೂರಲು ಕರಡಿ ಪುರುಸೊತ್ತು ಕೊಡುವುದಿಲ್ಲ.

ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. ಅಲ್ಲಿ ಕೈಲ್‌ಪೋಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ. ಹಾಸನದವರಿಗೆ ಆ ಭಾಗ್ಯವಿಲ್ಲ. ಬೆಳೆ ಕಾಯುವ ಕೋವಿಗೂ ಪರವಾನಗಿ ಬೇಕು, ಅದನ್ನು ನವೀಕರಿಸುತ್ತಿರಬೇಕು, ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರಬೇಕು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯೂ ಮುಗಿಯಿತು. ಹಂದಿಯನ್ನೋ ಆನೆಯನ್ನೋ ಓಡಿಸಲು ಆಕಾಶಕ್ಕೆ ಹಾರಿಸಿದ ಈಡು ಎಷ್ಟು ಬಿರುಸಿನದು ಎಂದು ಯಾರು ಕೇಳಬೇಕು? ಸದ್ದು ದೊಡ್ಡದಿದ್ದರೆ ಸಾಕು. ಅದಕ್ಕೆ ಪಟಾಕಿಯೂ ಆಗುತ್ತದೆ, ತೋಟಗಳಲ್ಲಿ ಆಗುತ್ತಿರುವುದೂ ಅದೇ. ಆನೆಗಳಿಗೆ ಅದೂ ರೂಢಿಯಾಗಿಬಿಟ್ಟಿದೆ.

ಕೋವಿ ಉಳಿಸಿಕೊಂಡ ಮನೆಗಳಲ್ಲಿ ಆಯುಧಪೂಜೆಯ ದಿನ ಅದು ಗೋಡೆಯಿಂದ ಇಳಿಯುತ್ತದೆ. ನಳಿಗೆಗೆ ಎಣ್ಣೆ, ಕುದುರೆಗೆ ಕುಂಕುಮ, ಮೇಲೊಂದು ಚೆಂಡು ಹೂ. ಹಿರಿಯರೊಬ್ಬರು ನಳಿಗೆಯ ಬಾಯಿಗೆ ಹೆಬ್ಬೆರಳು ಒತ್ತಿ, ಮೂಗಿನ ಹತ್ತಿರ ತಂದು ಮೂಸಿ ನೋಡುತ್ತಾರೆ. ಮಸಿಯ ವಾಸನೆ ಇಲ್ಲ, ಬರೀ ಎಣ್ಣೆ.