ಬರಿದಾಗಿ ಮತ್ತೆ ತುಂಬಿದ ಕಡಲು

ಕ್ಯಾಲಿಫೋರ್ನಿಯಾದ ಮಾಂಟೆರೆ ಕೌಂಟಿ ನೋಡಲು ಹೊರಟವರು ಕ್ಯಾನರಿ ರೋ ಬೀದಿಯಲ್ಲಿ ಕಾರು ಬಿಟ್ಟು ನಡೆಯಬೇಕು. ಸ್ಯಾನ್ ಹೋಸೆ ಸುತ್ತಮುತ್ತಲಿನ ಕನ್ನಡಿಗರ ಮನೆಗಳಿಂದ ಇಲ್ಲಿಗೆ ಸುಮಾರು ಒಂದೂವರೆ ಗಂಟೆಯ ದಾರಿ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆತರುವವರು ಹೆಚ್ಚಾಗಿ ‘ಸೆವೆಂಟೀನ್ ಮೈಲ್ ಡ್ರೈವ್’ ಸುತ್ತಿ, ಬಂಡೆಯ ತುದಿಯ ಒಂಟಿ ಸೈಪ್ರೆಸ್ ಮರದೆದುರು ಫೋಟೊ ತೆಗೆಸಿಕೊಂಡು ಸಂಜೆಗೆ ವಾಪಸಾಗುತ್ತಾರೆ. ನೋಟ ಚೆನ್ನಾಗಿಯೇ ಇದೆ. ಆದರೆ ಈ ಕಡಲು ಒಮ್ಮೆ ಬರಿದಾಗಿ ಮತ್ತೆ ತುಂಬಿಕೊಂಡ ಬಗೆ ತಿಳಿಯಬೇಕಾದರೆ ಕಾಲ್ನಡಿಗೆಯೇ ಆಗಬೇಕು.

ಬೀದಿಯ ಇಕ್ಕೆಲದಲ್ಲಿ ಈಗ ಹೋಟೆಲು, ಮಿಠಾಯಿ ಅಂಗಡಿಗಳು. ತಲೆಯೆತ್ತಿದರೆ ರಸ್ತೆಗೆ ಅಡ್ಡವಾಗಿ ಮೇಲುಸೇತುವೆಗಳು ಕಾಣುತ್ತವೆ. ಕಾರ್ಖಾನೆಯಲ್ಲಿ ಡಬ್ಬಿಗೆ ತುಂಬಿದ ಮೀನು ಇವುಗಳ ಮೂಲಕವೇ ಆಚೆ ಬದಿಯ ಗೋದಾಮಿಗೆ ಹೋಗುತ್ತಿತ್ತು. ಮೀನೆಂದರೆ ಸಾರ್ಡೀನ್, ನಮ್ಮ ಮಂಗಳೂರು ಕಡೆಯ ಬೂತಾಯಿಯ ಬಳಗದ್ದು. ಡಬ್ಬಿಗೆ ಹೋದದ್ದು ಒಂದು ಪಾಲು. ಅರೆದು ಗೊಬ್ಬರ, ಕೋಳಿ ಆಹಾರ ಮಾಡಿದ್ದೂ ಅಪಾರ. ಮಿತಿಮೀರಿ ಬಲೆ ಬೀಸಿದ್ದಕ್ಕೆ ಕಡಲ ನೀರಿನ ಉಷ್ಣತೆಯ ಏರುಪೇರೂ ಸೇರಿ, 1940ರ ದಶಕ ಮುಗಿಯುವಷ್ಟರಲ್ಲಿ ಮೀನು ಕೈಕೊಟ್ಟಿತು. ಜಾನ್ ಸ್ಟೈನ್‌ಬೆಕ್ 1945ರ ತಮ್ಮ ಕಾದಂಬರಿಯಲ್ಲಿ ಈ ಬೀದಿಯನ್ನು ಚಿತ್ರಿಸಿದ್ದರು. 1958ರಲ್ಲಿ ಬೀದಿಗೆ ಕಾದಂಬರಿಯ ಹೆಸರೇ ಅಧಿಕೃತವಾಯಿತು. ಅಷ್ಟರಲ್ಲಿ ಕಾರ್ಖಾನೆಗಳು ಪಾಳು ಬೀಳತೊಡಗಿದ್ದವು.

ಬೀದಿಯ ಕೊನೆಗೆ, ಹೋವ್ಡನ್ ಎಂಬ ಕಾರ್ಖಾನೆಯಿದ್ದ ಜಾಗದಲ್ಲಿ, 1984ರಲ್ಲಿ ತೆರೆದ ಮಾಂಟೆರೆ ಬೇ ಅಕ್ವೇರಿಯಂ ಇದೆ. ಟಿಕೆಟ್ ದುಬಾರಿ, ಆದರೂ ಒಳಗೆ ಹೋಗಲೇಬೇಕು. ಅಲ್ಲಿ ಸುಮಾರು ಎಂಟೂವರೆ ಮೀಟರ್ ಎತ್ತರದ ತೊಟ್ಟಿಯಲ್ಲಿ ಕೆಲ್ಪ್ ಎಂಬ ದೈತ್ಯ ಕಡಲಪಾಚಿಯ ಕಾಡನ್ನು ಬೆಳೆಸಿದ್ದಾರೆ. ನೆತ್ತಿ ತೆರೆದ ತೊಟ್ಟಿಗೆ ಬಿಸಿಲು ನೇರವಾಗಿ ಬೀಳುತ್ತದೆ, ನೀರು ಹೊರಗಿನ ಕೊಲ್ಲಿಯದೇ. ಕಂದು ಎಲೆಗಳ ನಡುವೆ ಬೆಳಕು ಅಲುಗುವಾಗ ಮಕ್ಕಳಿಗಿಂತ ಹೆಚ್ಚು ಹೊತ್ತು ನಿಂತುಬಿಡುವವರು ದೊಡ್ಡವರು.

ಹೊರಬಂದರೆ ಹಳೆಯ ರೈಲುಹಾದಿಯ ಮೇಲೇ ಮಾಡಿದ ನಡಿಗೆದಾರಿ ಪೆಸಿಫಿಕ್ ಗ್ರೋವ್ ಊರಿನತ್ತ ಸಾಗುತ್ತದೆ. ಬೇಲಿಯಾಚೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಪ್ಕಿನ್ಸ್ ಕಡಲ ಸಂಶೋಧನಾ ಕೇಂದ್ರ, ಅದರ ಪುಟ್ಟ ಮರಳದಂಡೆಯಲ್ಲಿ ಮೈಚಾಚಿ ಮಲಗಿದ ಸೀಲ್‌ಗಳು. ವಸಂತದಲ್ಲಿ ಅವು ಇಲ್ಲೇ ಮರಿ ಹಾಕುತ್ತವೆ. ಇದೇ ದಂಡೆಯಲ್ಲಿ ಚೀನೀ ಮೀನುಗಾರರ ಹಳ್ಳಿಯೊಂದಿತ್ತು. 1906ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಆ ಜನರಿಗೆ ಇಲ್ಲಿ ಮತ್ತೆ ಮನೆ ಕಟ್ಟಲು ಬಿಡಲಿಲ್ಲ. ಈ ಜಾಗವನ್ನು ಸುಮ್ಮನೆ ದಾಟಿ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಮುಂದೆ ಲವರ್ಸ್ ಪಾಯಿಂಟ್. ಇಲ್ಲಿ ನೆನೆಯಬೇಕಾದವರು ಜೂಲಿಯಾ ಪ್ಲಾಟ್. ಜರ್ಮನಿಯಲ್ಲಿ ಪ್ರಾಣಿಶಾಸ್ತ್ರದ ಡಾಕ್ಟರೇಟ್ ಪಡೆದರೂ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಸಿಗದ ಹೆಂಗಸು. ಸಾರ್ವಜನಿಕರು ಕಡಲಿಗೆ ಇಳಿಯುವ ದಾರಿಗೆ ಯಾರೋ ಗೇಟು ಹಾಕಿದಾಗ ಕೊಡಲಿ ಹಿಡಿದು ಅದನ್ನು ಕಡಿದವರು. 1931ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಊರಿನ ಮೇಯರ್ ಆಗಿ ಈ ದಡದ ನೀರಿನಲ್ಲಿ ಜೀವಿಗಳಿಗೆ ರಕ್ಷಣೆ ಕೊಡಿಸಿದರು. ಕಾರ್ಖಾನೆಗಳು ಭರಾಟೆಯಿಂದ ನಡೆಯುತ್ತಿದ್ದ ಕಾಲದಲ್ಲಿ ಆಕೆಗೆ ಇದು ಹೊಳೆದಿತ್ತಲ್ಲ!

ಮತ್ತೆ ಕಾರು ಹತ್ತಿ ದಕ್ಷಿಣಕ್ಕೆ ಕಾರ್ಮೆಲ್ ಊರು ದಾಟಿದರೆ ಪಾಯಿಂಟ್ ಲೋಬೋಸ್ ಎಂಬ ರಕ್ಷಿತ ತಾಣ. ಮಾಂಟೆರೆ ಸೈಪ್ರೆಸ್ ಮರ ತಾನಾಗಿ ಹುಟ್ಟಿ ಬೆಳೆಯುವುದು ಜಗತ್ತಿನಲ್ಲಿ ಈ ಸುತ್ತಿನ ಎರಡೇ ತೋಪುಗಳಲ್ಲಿ, ಒಂದು ಇಲ್ಲಿದೆ. ಕಾರು ನಿಲ್ಲಿಸಲು ಜಾಗ ಕಡಿಮೆ, ಬೆಳಗ್ಗೆ ಬೇಗ ಹೋಗಿ.

ಅಲ್ಲಿಂದ ಮುಂದಿನ ಬಿಕ್ಸ್‌ಬಿ ಸೇತುವೆಯನ್ನು ಎಲ್ಲರೂ ಚಿತ್ರದಲ್ಲಿ ನೋಡಿರುತ್ತೀರಿ. 1932ರ ಕಾಂಕ್ರೀಟ್ ಕಮಾನು. ನನಗೆ ಅದರ ಕೆಳಗಿನ ಹಳ್ಳದ ಬಾಯಿ ಹೆಚ್ಚು ಮುಖ್ಯ. ತುಪ್ಪಳಕ್ಕಾಗಿ ಕೊಂದು ಕೊಂದು ಈ ಕರಾವಳಿಯ ನೀರುನಾಯಿಗಳು ಮುಗಿದೇ ಹೋದವೆಂದು ನಂಬಿದ್ದರು. ಈ ಸೇತುವೆಯ ಮೇಲೆ ಹಾಯುವ, ಬಿಗ್ ಸರ್ ಎಂಬ ಕರಾವಳಿಯ ಹೆದ್ದಾರಿ 1937ರಲ್ಲಿ ತೆರೆಯಿತು. ಮರುವರ್ಷ, ಇಲ್ಲಿ ಉಳಿದುಕೊಂಡಿದ್ದ ಚಿಕ್ಕ ಹಿಂಡೊಂದರ ಸುದ್ದಿ ಹೊರಜಗತ್ತಿಗೆ ತಿಳಿಯಿತು. ಇಂದು ಕ್ಯಾಲಿಫೋರ್ನಿಯಾದಲ್ಲಿರುವ ಸುಮಾರು 3,000 ನೀರುನಾಯಿಗಳು ಆ ಹಿಂಡಿನ ಸಂತಾನ. ಕೆಲ್ಪನ್ನು ಬುಡದಲ್ಲೇ ಮೇಯುವ ಸೀ ಅರ್ಚಿನ್ ಎಂಬ ಮುಳ್ಳುಜೀವಿಯನ್ನು ಇವು ತಿನ್ನುತ್ತವೆ. 2014ರಿಂದಾಚೆ ಕಡಲು ಬಿಸಿಯಾಗಿ ಉತ್ತರ ಕ್ಯಾಲಿಫೋರ್ನಿಯಾದ ಕೆಲ್ಪ್ ಕಾಡು ಬಹುಪಾಲು ನಾಶವಾಯಿತು. ಮಾಂಟೆರೆಯಲ್ಲೂ ತುಂಬ ಸವೆದಿದೆ, ಆದರೆ ಅಲ್ಲಲ್ಲಿ ತೇಪೆಯಂತೆ ಉಳಿದಿರುವುದರಲ್ಲಿ ನೀರುನಾಯಿಗಳ ಪಾಲು ದೊಡ್ಡದು.

ಗುಡ್ಡ ಕುಸಿದು ಈ ಹೆದ್ದಾರಿ ಆಗಾಗ ಮುಚ್ಚುತ್ತದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಮುಚ್ಚಿದ್ದರೆ ಕೌಂಟಿಯ ಉತ್ತರದ ಮಾಸ್ ಲ್ಯಾಂಡಿಂಗ್‌ಗೆ ಹೋಗಿ. ಅಲ್ಲಿನ ಎಲ್ಕ್‌ಹಾರ್ನ್ ಸ್ಲೂ ಹಿನ್ನೀರಿನಲ್ಲಿ ಬಾಡಿಗೆಗೆ ಕಯಾಕ್ ಸಿಗುತ್ತದೆ, ಅಂಗಾತ ತೇಲುವ ನೀರುನಾಯಿಗಳೂ ಕಾಣುತ್ತವೆ. ಕಡೇಪಕ್ಷ ಐದು ಕಯಾಕ್ ಉದ್ದದಷ್ಟು ದೂರದಲ್ಲೇ ಹುಟ್ಟು ನಿಲ್ಲಿಸಿ. ಹೊಟ್ಟೆಯ ಮೇಲೆ ಮರಿಯಿದ್ದರೆ ಇನ್ನೂ ದೂರ.