ಕ್ಷೌರದ ಕತ್ತಿಯ ಆಯುಷ್ಯ

ಹಿಡಿಯೊಳಗೆ ಮಡಿಚಿಡುವ, ನಮ್ಮ ಹಿರಿಯರ ಕಾಲದ ಕ್ಷೌರದ ಕತ್ತಿ ಎಷ್ಟು ವರ್ಷ ಬಾಳುತ್ತದೆ? ಪ್ರಶ್ನೆ ಸಣ್ಣದು. ಆದರೆ ವಸ್ತುವಿಗೂ ಅದನ್ನು ಬಳಸುವ ಕೈಗೂ ಇರುವ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಶ್ನೆಗಳು ವಿರಳವೆಂದು ನನ್ನ ಭಾವನೆ.

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 19ನೆಯ ಶತಮಾನದಲ್ಲಿ ತಯಾರಾದ ಕತ್ತಿಗಳಿಂದ ಇಂದಿಗೂ ಮುಖಕ್ಷೌರ ಮಾಡಿಕೊಳ್ಳುವವರಿದ್ದಾರೆ. ಆ ಊರಿನ ಕೀರ್ತಿಗೆ ಮೂಲ ಅಲ್ಲಿಯ ಉಕ್ಕು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸಿ, ಒಳಗೆಲ್ಲ ಒಂದೇ ಸಮನಾದ ಲೋಹವನ್ನು ಪಡೆದನು. ಮೂಸೆಯ ಉಕ್ಕು ನಮ್ಮ ದಕ್ಷಿಣ ಭಾರತಕ್ಕೆ ಅದಕ್ಕೂ ಬಹಳ ಹಿಂದಿನಿಂದ ಪರಿಚಿತವಾಗಿತ್ತೆಂಬುದನ್ನೂ ನಾವು ಮರೆಯಬಾರದು.

ಕತ್ತಿ ಸವೆಯುವುದು ಗಡ್ಡದಿಂದ ಎಂದು ನಾವು ತಿಳಿಯುತ್ತೇವೆ. ಇದು ಅರ್ಧ ಸತ್ಯ. ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಡಸು. ಆದರೂ ಅಲಗು ಮೊಂಡಾಗುತ್ತದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಂಶೋಧಕರು ಬ್ಲೇಡುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2020ರಲ್ಲಿ ಇದರ ಕಾರಣವನ್ನು ವಿವರಿಸಿದರು. ಕೂದಲು ಬಾಗಿ ಅಲಗಿಗೆ ಓರೆಯಾಗಿ ತಾಗಿದಾಗ, ಉಕ್ಕಿನ ರಚನೆ ಸಮನಾಗಿಲ್ಲದ ಕಡೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರು ಹಾರಿಹೋಗುತ್ತದೆ.

ಮೊಂಡಾದ ಬ್ಲೇಡನ್ನು ನಾವು ಎಸೆಯುತ್ತೇವೆ. ಕತ್ತಿಯನ್ನಾದರೋ ಕಲ್ಲಿಗೆ ಹಚ್ಚಿ ಮಸೆಯುತ್ತೇವೆ. ಕತ್ತಿಯನ್ನು ನಿಜವಾಗಿ ಸವೆಸುವುದು ಈ ಕಲ್ಲು. ಮಸೆಯುವಾಗ ಅದರ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲನ್ನು ಮುಟ್ಟಿರಬೇಕು. ಎರಡೂ ಜೊತೆಯಾಗಿ ಸವೆಯುವುದರಿಂದ ಅಲಗಿನ ಕೋನ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಒಂದು ಲೆಕ್ಕ ಹಾಕೋಣ. ವರ್ಷಕ್ಕೆ ಎರಡು ಬಾರಿ ಮಸೆದು, ಪ್ರತಿ ಬಾರಿಯೂ ಮಿಲಿಮೀಟರಿನ ನೂರರಲ್ಲಿ ಒಂದು ಭಾಗ ಸವೆಯಿತೆಂದಿಟ್ಟುಕೊಂಡರೆ, 50 ವರ್ಷಕ್ಕೆ ಕಳೆದುಹೋಗುವುದು ಒಂದೇ ಮಿಲಿಮೀಟರು. ಸಾಧಾರಣ ಕತ್ತಿಯ ಅಗಲವೋ ಸುಮಾರು 16 ಮಿಲಿಮೀಟರು! ಅಜ್ಜನ ಕತ್ತಿ ಮೊಮ್ಮಗನಿಗೆ ಒದಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಸೆಯುವುದನ್ನು ಮುಂದೂಡುವುದೇ ಜಾಣತನ. ಅದಕ್ಕಾಗಿಯೇ ತೊಗಲಿನ ಪಟ್ಟಿ ಇರುವುದು. ಬೆನ್ನು ಮುಂದಾಗಿ, ಬಾಯಿ ಹಿಂದಾಗಿ, ಹಗುರವಾಗಿ ಎಳೆದರೆ ಬಾಗಿದ ಅಂಚು ಮತ್ತೆ ನೇರವಾಗುತ್ತದೆ. ಬಾಯಿ ಮುಂದಾದರೆ ತೊಗಲೂ ಕೊಯ್ದುಹೋಗುತ್ತದೆ, ಅಂಚೂ ಕೆಡುತ್ತದೆ. ಕೈಯ ಮೃದುತ್ವವೇ ಇಲ್ಲಿ ವಿದ್ಯೆ.

ಕಲ್ಲು ಸವೆಸುತ್ತದೆ; ನೀರು ಕೊಲ್ಲುತ್ತದೆ. ಒರೆಸದೆ ಮಡಿಚಿಟ್ಟ ಕತ್ತಿಗೆ ಹಿಡಿಯೊಳಗೇ ತುಕ್ಕು ಹಿಡಿಯುತ್ತದೆ. ಬಾಯಿಯ ಅಂಚಿನಲ್ಲಿ ತುಕ್ಕು ಆಳಕ್ಕಿಳಿದರೆ ನೂರು ವರ್ಷದ ಕತ್ತಿಯೂ ಒಂದು ಮಳೆಗಾಲದಲ್ಲಿ ಹಾಳಾದೀತು. ಕೆಲವು ಹಳೆಯ ಸೆಲ್ಯುಲಾಯ್ಡ್ ಹಿಡಿಗಳು ಶಿಥಿಲವಾಗುತ್ತ ಹೊರಬಿಡುವ ಅನಿಲವೂ ಅಲಗನ್ನು ತಿನ್ನುತ್ತದೆ. ಬಳಸಿದೊಡನೆ ಒರೆಸಿ ಒಣಗಿಸುವುದು, ಬಹುದಿನ ಇಡುವುದಾದರೆ ತೆಳುವಾಗಿ ಎಣ್ಣೆ ಸವರುವುದು: ಆರೈಕೆ ಎಂದರೆ ಇಷ್ಟೇ.

ಕಿಂಗ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ರೇಜರು ಈ ಆರೈಕೆಯಿಂದ ನಮ್ಮನ್ನು ಬಿಡಿಸಿತು. ನಮ್ಮ ಕ್ಷೌರದಂಗಡಿಗಳಲ್ಲಿ ಗಿರಾಕಿಗೊಂದು ಹೊಸ ಬ್ಲೇಡು ಬಂದದ್ದಂತೂ ಒಳ್ಳೆಯದೇ ಆಯಿತು. ರಕ್ತದಿಂದ ಹರಡುವ ರೋಗಗಳ ಭಯವಿರುವಾಗ ಹಲವರ ಮುಖಕ್ಕೆ ಒಂದೇ ಅಲಗು ಸಲ್ಲದು. ದೀರ್ಘಾಯುಷ್ಯದ ಕತ್ತಿ ಒಬ್ಬನದೇ ಆಗಿರಬೇಕು.

ಆದರೆ ಒಂದು ನಷ್ಟವನ್ನು ಹೇಳಲೇಬೇಕು. ತಾತನ ಕತ್ತಿ ಪೆಟ್ಟಿಗೆಯಲ್ಲಿ ಸಿಕ್ಕರೆ ಉಕ್ಕು ಇನ್ನೂ ಉಳಿದಿರುತ್ತದೆ. ಅದನ್ನು ಮಸೆಯಬಲ್ಲ ಕೈ ಮನೆಯಲ್ಲಿ ಉಳಿದಿರುವುದಿಲ್ಲ. ಉಕ್ಕನ್ನು ಆಸ್ತಿಯಂತೆ ಹಂಚಿಕೊಡಬಹುದು. ವಿದ್ಯೆಯನ್ನು ಬದುಕಿರುವಾಗಲೇ ಕಲಿಸಬೇಕು. ಕತ್ತಿಯ ಆಯುಷ್ಯ ಅಷ್ಟರಮಟ್ಟಿಗೆ ನಮ್ಮದೇ ಕೈಯಲ್ಲಿದೆ.